ಗುಳಿಗೆಯ ಬದಲು ಹೆಡ್‌ಫೋನ್ ಸಾಕೇ?

ಓದುಗರ ಪತ್ರ: "ನನ್ನ ಮಗನಿಗೆ 9 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇದೆ ಅಂತ ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ಹೆಡ್‌ಫೋನಿನಲ್ಲಿ ಒಂದು ಬಗೆಯ ಸದ್ದು ಕೇಳಿಸಿದರೆ ಮಿದುಳಿನ ಅಲೆಗಳು ಸರಿಹೋಗುತ್ತವೆ, ಔಷಧಿಯೇ ಬೇಡ ಅಂತ ಜಾಹೀರಾತು ನೋಡಿದೆ. ನಂಬಬಹುದೇ? ಗುಳಿಗೆಗೆ ಹೆದರಿ ನಾನು ತಪ್ಪು ಮಾಡುತ್ತಿದ್ದೇನಾ?"

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ತಪ್ಪೇನೂ ಮಾಡುತ್ತಿಲ್ಲ. ಮಗುವಿನ ಬಾಯಿಗೆ ಗುಳಿಗೆ ಹಾಕುವ ಮುಂಚೆ ತಾಯಿ ಹತ್ತು ಸಲ ಯೋಚಿಸುವುದು ಸಹಜ. ನಾನು ಡಾಕ್ಟರಲ್ಲ. ಓದಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ.

ಜಾಹೀರಾತಿನಲ್ಲಿರುವುದು ಬಹುಶಃ ಬೈನಾರಲ್ ಬೀಟ್ಸ್. ಎಡಗಿವಿಗೆ ಸೆಕೆಂಡಿಗೆ 200 ಕಂಪನದ ಸ್ವರ, ಬಲಗಿವಿಗೆ 210 ಕಂಪನದ್ದು. ಆಗ ಸೆಕೆಂಡಿಗೆ 10 ಸಲ ಏರಿಳಿಯುವ ಇನ್ನೊಂದು ಮಿಡಿತ ಕೇಳಿಸುತ್ತದೆ. ಎರಡು ತಂತಿಗಳ ಶ್ರುತಿ ಕೊಂಚವೇ ತಪ್ಪಿದಾಗ ನಾದ ಅಲೆಯಾಡುತ್ತದಲ್ಲ, ಹಾಗೆ. ಆದರೆ ಈ ಮಿಡಿತ ಹೊರಗೆ ಎಲ್ಲೂ ಇಲ್ಲ. ಮಿದುಳಿನ ಬುಡದಲ್ಲಿ, ಎರಡೂ ಕಿವಿಗಳ ಸುದ್ದಿ ಬಂದು ಸೇರುವ ಜಾಗದಲ್ಲಿ ಅದು ಹುಟ್ಟುತ್ತದೆ. ಹೆಡ್‌ಫೋನ್ ಬೇಕೇ ಬೇಕು ಅನ್ನುವುದು ಅದಕ್ಕೇ. ಜೆರಾಲ್ಡ್ ಆಸ್ಟರ್ ಅನ್ನುವವರು 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್'ನಲ್ಲಿ ಇದರ ಬಗ್ಗೆ ಬರೆದ ಮೇಲೆ ತುಂಬಾ ಜನರ ಕುತೂಹಲ ಕೆರಳಿತು. ನಾನೂ ಕೇಳಿ ನೋಡಿದ್ದೇನೆ. ನಿಜಕ್ಕೂ ಬೆರಗಾಗುತ್ತದೆ.

ಇದಕ್ಕೂ ಎಡಿಎಚ್‌ಡಿಗೂ ಏನು ನಂಟು? ಮಿದುಳಿನ ವಿದ್ಯುತ್ ಅಲೆಗಳನ್ನು ತಲೆಗೆ ತಂತಿ ಅಂಟಿಸಿ ಮಾಡುವ ಇಇಜಿ ಪರೀಕ್ಷೆಯಲ್ಲಿ ಅಳೆಯಬಹುದು. ಎಡಿಎಚ್‌ಡಿ ಇರುವ ಕೆಲವು ಮಕ್ಕಳಲ್ಲಿ ನಿಧಾನದ ಥೀಟಾ ಅಲೆ, ಅಂದರೆ ಸೆಕೆಂಡಿಗೆ 4ರಿಂದ 8, ಜಾಸ್ತಿ ಕಾಣುತ್ತದೆ. ಚುರುಕಿನ ಬೀಟಾ ಅಲೆ, 13ರಿಂದ 30, ಕಡಿಮೆ. ಹಾಗಾದರೆ ಬೀಟಾ ವೇಗದ ಮಿಡಿತ ಕೇಳಿಸೋಣ, ಮಿದುಳು ಅದರ ಹಿಂದೆ ಹೋಗುತ್ತದೆ, ಗಮನ ನಿಲ್ಲುತ್ತದೆ ಅನ್ನುವುದು ಲೆಕ್ಕಾಚಾರ.

ನನ್ನ ತಕರಾರು ಇರುವುದು ಇಲ್ಲಿ. ತಾಳಬದ್ಧ ಸದ್ದಿಗೆ ಮಿದುಳಿನ ಅಲೆಗಳು ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತವೆ, ನಿಜ. ಆದರೆ ಅಲೆ ಬದಲಾದ ಮಾತ್ರಕ್ಕೆ ಮಗು ಕೂತು ಲೆಕ್ಕ ಮಾಡುತ್ತದೆ ಅಂತಲ್ಲ. ಎಡಿಎಚ್‌ಡಿ ಇರುವ ಎಲ್ಲ ಮಕ್ಕಳ ಅಲೆಯೂ ಒಂದೇ ಥರ ಇರುವುದಿಲ್ಲ. 2010ರಲ್ಲಿ 20 ಮಕ್ಕಳ ಮೇಲೆ ಬೈನಾರಲ್ ಬೀಟ್ಸಿನ ಒಂದು ಚಿಕ್ಕ ಪ್ರಯೋಗ ನಡೆಯಿತು. ಗಮನದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಷ್ಟನ್ನು ಇಟ್ಟುಕೊಂಡು 'ಔಷಧಿಯೇ ಬೇಡ' ಅಂತ ಒಬ್ಬ ತಾಯಿಗೆ ಹೇಳುವುದು ಅನ್ಯಾಯ. ಈ ಮಾತಿಗೆ ನನಗೆ ಸಿಟ್ಟೇ ಬರುತ್ತದೆ.

ಹಾಗಂತ ಸದ್ದಿನಿಂದ ಏನೂ ಉಪಯೋಗವಿಲ್ಲ ಅಂತಲೂ ಅಲ್ಲ. ಒಂದೇ ಸಮನೆ ಸುಯ್ಯನೆ ಕೇಳಿಸುವ ಸದ್ದಿದೆಯಲ್ಲ, ಫ್ಯಾನಿನದು, ಜೋರು ಮಳೆಯದು, ಅಂಥ 'ವೈಟ್ ನಾಯ್ಸ್', 'ಪಿಂಕ್ ನಾಯ್ಸ್' ಬಗ್ಗೆ ಇದಕ್ಕಿಂತ ಗಟ್ಟಿ ಆಧಾರ ಇದೆ. 2024ರಲ್ಲಿ 13 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಎಡಿಎಚ್‌ಡಿ ಇರುವವರಿಗೆ ಇದರಿಂದ ಕೆಲಸದಲ್ಲಿ ಸ್ವಲ್ಪ ಅನುಕೂಲ ಆಗಿದ್ದು ಕಂಡಿತು. ಸ್ವಲ್ಪ ಮಾತ್ರ. ಎಡಿಎಚ್‌ಡಿ ಇಲ್ಲದವರಿಗೆ ಅದೇ ಸದ್ದು ಕೊಂಚ ಅಡ್ಡಿಯೇ ಆಗಿತ್ತು! ಹೀಗಾಗಿ ಮನೆಯಲ್ಲಿ ಇನ್ನೊಂದು ಮಗು ಪಕ್ಕದಲ್ಲಿ ಓದುತ್ತಿದ್ದರೆ ಅದನ್ನೂ ನೆನಪಿಟ್ಟುಕೊಳ್ಳಿ.

ನೋಡಬೇಕು ಅನ್ನಿಸಿದರೆ ದುಡ್ಡು ಕಟ್ಟದೆ ನೋಡಿ. ಹೋಮ್‌ವರ್ಕ್ ಹೊತ್ತಿನಲ್ಲಿ ಒಂದು ವಾರ ಸದ್ದು ಹಾಕಿ, ಇನ್ನೊಂದು ವಾರ ಬೇಡ. ಎಷ್ಟು ಹೊತ್ತು ಕೂತ, ಎಷ್ಟು ಸಲ ಎದ್ದ, ಬರೆದಿಡಿ. ಟೀಚರಿಗೆ ಏನೂ ಹೇಳದೆ, ವಾರದ ಕೊನೆಗೆ ಸುಮ್ನೆ ಅವನ ಬಗ್ಗೆ ವಿಚಾರಿಸಿ. ಆಸೆ ಇದ್ದಾಗ ನಮ್ಮ ಕಣ್ಣಿಗೇ ಬದಲಾವಣೆ ಕಾಣಿಸಿಬಿಡುತ್ತದೆ, ಅಲ್ವಾ? ಸದ್ದು ಸಣ್ಣಗಿರಲಿ. ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬಲ್ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದಿನ ಜೊತೆ ಮಿನುಗುವ ಬೆಳಕಿನ ಕನ್ನಡಕವನ್ನೂ ಕೊಡುತ್ತಾರೆ ಅಂದರೆ ದೂರ ಇರಿ. ಅಂಥ ಬೆಳಕಿಗೆ ಕೆಲವು ಮಕ್ಕಳಿಗೆ ಫಿಟ್ಸ್ ಬರಬಹುದು.

ಈ ಪ್ರಯೋಗದ ನೆಪದಲ್ಲಿ ಡಾಕ್ಟರ ಭೇಟಿಯನ್ನು ಮುಂದೂಡಬೇಡಿ. ನಿಮ್ಮ ಭಯವನ್ನು ಅವರ ಮುಂದೆಯೇ ಹೇಳಿ. ಹಸಿವು ಕಡಿಮೆಯಾಗುತ್ತಾ, ನಿದ್ದೆ ಕೆಡುತ್ತಾ, ಕಡಿಮೆ ಪ್ರಮಾಣದಲ್ಲಿ ಶುರು ಮಾಡಬಹುದಾ, ಬೆಳವಣಿಗೆಯನ್ನು ಹೇಗೆ ಗಮನಿಸುತ್ತೀರಿ ಅಂತ ಕೇಳಿ. ಪಾಲಕರಿಗೆ ಕೊಡುವ ತರಬೇತಿ ಬಗ್ಗೆಯೂ ಕೇಳಿ. ಔಷಧಿ ಇಲ್ಲದ ದಾರಿಗಳಲ್ಲಿ ಹೆಚ್ಚು ಆಧಾರ ಇರುವುದು ಅದಕ್ಕೆ. ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮುಗಿಸಿದ ತಕ್ಷಣ ಮೆಚ್ಚುವುದು, ಇಂಥ ಸಣ್ಣ ಸಣ್ಣ ವಿಷಯಗಳನ್ನೇ ಅಲ್ಲಿ ಕಲಿಸುತ್ತಾರೆ.

ಹೆಡ್‌ಫೋನ್ ಹಾಕುವ ಮುಂಚೆ ಮಗನನ್ನೂ ಕೇಳಿ. 9 ವರ್ಷದ ಹುಡುಗ ತನಗೆ ಯಾವುದು ಹಿತ ಅಂತ ಹೇಳಬಲ್ಲ. 'ಬೇಡಮ್ಮ, ಕಿರಿಕಿರಿ' ಅಂದರೆ ತೆಗೆದಿಟ್ಟುಬಿಡಿ.