ಅರಿಶಿನ ಕುಂಕುಮ, ಚಿಕ್ಕಪೇಟೆ ಮತ್ತು ಮನೆ ಯಜಮಾನರು: ತುಮಕೂರಿನ ಓದುಗರಿಗೆ ಉತ್ತರ

ಪತ್ರ: "ಮಾನ್ಯ ಸಂಪಾದಕರೇ, ಶ್ರಾವಣ ಶುರುವಾದಾಗಿಂದ ಗಣೇಶನ್ನ ಬಿಡೋವರೆಗೂ ನಾನು ಮನೇಲಿ ಕೂತಿದ್ದೇ ಕಮ್ಮಿ. ವರಮಹಾಲಕ್ಷ್ಮಿಗೆ ಬೀದಿ ಪೂರ್ತಿ ಅರಿಶಿನ ಕುಂಕುಮ, ಆಮೇಲೆ ಗೃಹಪ್ರವೇಶ, ಸೀಮಂತ, ನಮ್ಮ ಹೆಡ್‌ಮಿಸ್ ರಿಟೈರ್ಮೆಂಟು, ಗೌರಿ ಬಾಗಿನ. ಇದರ ಮಧ್ಯೆ ನಾದಿನಿ ಮಗಳ ಮದ್ವೆ ಸೀರೆಗೆ ಅಂತ ಬೆಂಗಳೂರಿನ ಚಿಕ್ಕಪೇಟೆಗೆ ಒಂದು ದಿನ. ಅಲ್ಲಿ ನನಗೂ ಒಂದು ಇಳಕಲ್ ಸೀರೆ ತಗೊಂಡೆ, ಕೈಮಗ್ಗದ್ದು ಅಂದ್ರು, ನಿಜವೋ ಸುಳ್ಳೋ ಗೊತ್ತಿಲ್ಲ. ಮಂಡಿ ನೋವು, ದುಡ್ಡು ಖಾಲಿ, ನಿಮ್ಮ ಪತ್ರಿಕೆ ಕೂಡ ಕವರ್ ಬಿಚ್ಚದೆ ಬಿದ್ದಿದೆ. ಬೆಂಗಳೂರಲ್ಲಿ ಕೆಲಸದಲ್ಲಿರೋ ಮಗಳು 'ಅಮ್ಮಾ, ವಾಟ್ಸಾಪಲ್ಲಿ ವಿಶ್ ಮಾಡು, ಸೀರೆ ಫೋನಲ್ಲೇ ತರ್ಸು, ಯಾಕಿಷ್ಟು ಒದ್ದಾಡ್ತೀಯ' ಅಂತಾಳೆ. ಅವಳು ಹೇಳೋದೇ ಸರಿ ಅನ್ಸಕ್ಕೆ ಶುರುವಾಗಿದೆ. ನೀವೇನಂತೀರಿ?"

ಉತ್ತರ: ಮೊದಲು ನಿಮ್ಮ ಮಗಳ ಪರವಾಗಿ ನಾಕು ಮಾತು ಹೇಳಿ ಮುಗಿಸ್ಬಿಡ್ತೀನಿ ಮೇಡಂ, ಆಮೇಲೆ ನನಗೆ ಪುರುಸೊತ್ತಾಗಲ್ಲ. ಮಂಡಿ ನೋವು ಸುಳ್ಳಲ್ಲ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಲ್ಲಿ ಕನಕಾಂಬರ ಕೇಜಿಗೆ ಸಾವಿರ ದಾಟೋದೂ ಸುಳ್ಳಲ್ಲ. ಫೋನಲ್ಲಿ ತರ್ಸಿದ್ರೆ ಬಣ್ಣ ಹಿಡಿಸ್ಲಿಲ್ಲ ಅಂತ ವಾಪಸ್ ಕಳಿಸ್ಬಹುದು, ಪೇಟೇಲಿ ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಅಂತ ಬೋರ್ಡೇ ನೇತಾಕಿರ್ತಾರೆ. ಈಗೀಗ ನೇಕಾರರೇ ಇನ್‌ಸ್ಟಾಗ್ರಾಮಲ್ಲಿ ಸೀರೆ ಬಿಚ್ಚಿ ತೋರ್ಸಿ ನೇರವಾಗಿ ಮಾರ್ತಿದ್ದಾರೆ, ಅದು ಒಳ್ಳೇದೇ. ಹುಡುಗಿ ಅಮ್ಮನ ಮೇಲಿನ ಕಾಳಜಿಗೆ ಹೇಳಿದ್ದಾಳೆ, ಬೈಬೇಡಿ. ಆಯ್ತಾ? ಅವಳ ಪಾಲು ಮುಗೀತು.

ಈಗ ನಿಮ್ಮನ್ನ ಸ್ವಲ್ಪ ಬೈಬೇಕು. "ಒದ್ದಾಟ" ಅನ್ನೋದನ್ನ ಮಗಳು ಹೇಳಿದ್ಲು ಸರಿ, ನೀವ್ಯಾಕೆ ಒಪ್ಕೊಂಡ್ರಿ? ಈ ಸಲ, ಅಂದ್ರೆ 2025ರಲ್ಲಿ, ವರಮಹಾಲಕ್ಷ್ಮಿ ಆಗಸ್ಟ್ 8ಕ್ಕೆ ಬಂತು, ಗೌರಿ 26ಕ್ಕೆ, ಮಾರನೇ ದಿನವೇ ಗಣೇಶ. ಈ ಮೂರು ವಾರದ ಒಳಗೆ ನೀವು ಎಷ್ಟು ಜನರ ಹೊಸಿಲು ತುಳಿದಿರಿ, ಎಷ್ಟು ಜನ ನಿಮ್ಮ ಹೊಸಿಲು ತುಳಿದ್ರು ಅಂತ ಒಂದ್ಸಲ ನೆನೆಸ್ಕೊಳ್ಳಿ. ಒಂದೊಂದು ಮನೇಲಿ ಕೂತಿದ್ದು ಹತ್ತು ನಿಮಿಷ ಇರ್ಬಹುದು, ಕೋಸಂಬರಿ ಬಾಯಿಗೆ ಹಾಕ್ಕೊಂಡು ತಾಂಬೂಲ ಸೆರಗಿಗೆ ತಗೊಂಡು ಎದ್ದಿದ್ದೀರಿ, ಆದ್ರೆ ಆ ಹತ್ತು ನಿಮಿಷದಲ್ಲಿ ಯಾರ ಮನೆ ಅತ್ತೆ ಬಿದ್ದು ಸೊಂಟ ಮುರ್ಕೊಂಡಿದ್ದಾರೆ, ಯಾರ ಮಗ ಕೆಲಸ ಕಳ್ಕೊಂಡು ಊರಿಗೆ ಬಂದು ಕೂತಿದ್ದಾನೆ, ಯಾರ ಸೊಸೆ ಮಾತಾಡ್ತಿಲ್ಲ ಅನ್ನೋದೆಲ್ಲ ನಿಮಗೆ ತಲುಪಿರತ್ತೆ. ಇದ್ಯಾವುದನ್ನೂ ಯಾರೂ ವಾಟ್ಸಾಪ್ ಸ್ಟೇಟಸ್ಸಲ್ಲಿ ಹಾಕಲ್ಲ. ಅಲ್ಲಿ ಹಾಕೋದು ಕಳಶಕ್ಕೆ ಸೀರೆ ಉಡಿಸಿದ ಫೋಟೋ ಮಾತ್ರ.

ರವಿಕೆ ಕಣದ ವಿಷಯಕ್ಕೆ ಬರೋಣ, ಯಾಕಂದ್ರೆ ಇದನ್ನ ಇಟ್ಕೊಂಡೇ ಎಲ್ರೂ ಈ ಹಬ್ಬವನ್ನ ಆಡ್ಕೊಳ್ಳೋದು. ನೀವು ಕೊಟ್ಟ ರವಿಕೆ ಕಣ ಅವರು ಹೊಲಿಸಲ್ಲ, ಅವರು ಕೊಟ್ಟಿದ್ದು ನೀವು ಹೊಲಿಸಲ್ಲ, ಬೀರುವಲ್ಲಿ ಗಂಟು ಬೆಳೀತಾ ಹೋಗತ್ತೆ, ಮುಂದಿನ ವರ್ಷ ಅದನ್ನೇ ಇನ್ನೊಬ್ರಿಗೆ ಕೊಡ್ತೀರಿ. ನಮ್ಮ ಮನೇಲಿ ಒಂದ್ಸಲ ನಮ್ಮಾಕೆ ಕೊಟ್ಟಿದ್ದ ಹಸಿರು ಬಣ್ಣದ್ದೇ, ಮೂಲೇಲಿ ಇಂಕ್ ಕಲೆ ಇದ್ದಿದ್ದೇ, ಎರಡು ವರ್ಷ ಬಿಟ್ಟು ಬೇರೆ ಬಡಾವಣೆ ಸುತ್ತಿ ವಾಪಸ್ ಬಂತು. ಎಲ್ರೂ ನಕ್ಕಿದ್ರು. ನನಗೆ ಮಾತ್ರ ಮಲಿನೋವ್ಸ್ಕಿ ನೆನಪಾದ. ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಇವನು, ಮೊದಲನೇ ಮಹಾಯುದ್ಧದ ಟೈಮಲ್ಲಿ ಈಗಿನ ಪಾಪುವಾ ನ್ಯೂಗಿನಿ ದೇಶದ ಟ್ರೋಬ್ರಿಯಾಂಡ್ ದ್ವೀಪದಲ್ಲಿ ಇದ್ದು ಬಂದು 1922ರಲ್ಲಿ ಅಲ್ಲಿನ 'ಕುಲಾ' ಅನ್ನೋ ಪದ್ಧತಿ ಬಗ್ಗೆ ಬರೆದ. ಆ ದ್ವೀಪದವರು ದೋಣಿ ಕಟ್ಕೊಂಡು, ಜೀವ ಕೈಲಿ ಹಿಡ್ಕೊಂಡು ಸಮುದ್ರ ದಾಟಿ ಹೋಗಿ ಕೆಂಪು ಚಿಪ್ಪಿನ ಸರ ಕೊಟ್ಟು ಬಿಳಿ ಚಿಪ್ಪಿನ ತೋಳ್ಬಳೆ ತರ್ತಾರೆ. ಸರಗಳು ಒಂದು ದಿಕ್ಕಲ್ಲಿ ದ್ವೀಪ ಸುತ್ತುತ್ವೆ, ಬಳೆಗಳು ಎದುರು ದಿಕ್ಕಲ್ಲಿ. ಯಾರೂ ಇಟ್ಕೊಳ್ಳೋ ಹಾಗಿಲ್ಲ, ಸ್ವಲ್ಪ ದಿನ ಇಟ್ಕೊಂಡು ಮುಂದಕ್ಕೆ ಸಾಗಿಸ್ಬೇಕು. ಸರಕ್ಕೇ ಅಂತ ಅಷ್ಟು ದೂರ ಹೋಗ್ತಾರಾ? ಹೋದಲ್ಲಿ ಒಬ್ಬ ಕಾಯಂ ಸ್ನೇಹಿತ ಇರ್ತಾನೆ, ಅವನ ಮನೇಲಿ ಊಟ, ರಕ್ಷಣೆ, ಸುದ್ದಿ. ಸರ ಅನ್ನೋದು ಹೋಗೋದಕ್ಕೊಂದು ನೆಪ. ಇನ್ನೊಂದು ಮಜಾ ಕೇಳಿ, ಕುಲಾದಲ್ಲಿ ಚೌಕಾಸಿ ಮಾಡಿದ್ರೆ ಮರ್ಯಾದೆ ಹೋದ ಹಾಗೆ, ಆದ್ರೆ ಅದೇ ದೋಣೀಲಿ ತಂದ ಬೇರೆ ಸಾಮಾನಿಗೆ 'ಗಿಮ್ವಾಲಿ' ಅಂತ ಪಕ್ಕದಲ್ಲೇ ವ್ಯಾಪಾರ ನಡೆಯತ್ತೆ, ಅದರಲ್ಲಿ ಗಟ್ಟಿ ಚೌಕಾಸಿ. ಅಂದ್ರೆ ನಿಮ್ಮ ಶುಕ್ರವಾರದ ಅರಿಶಿನ ಕುಂಕುಮ, ಆಮೇಲಿನ ಚಿಕ್ಕಪೇಟೆ ಎರಡನ್ನೂ ಅವರು ಒಂದೇ ಪ್ರಯಾಣದಲ್ಲಿ ಮುಗಿಸ್ತಿದ್ರು. ಅವರ ಬಗ್ಗೆ ಯೂನಿವರ್ಸಿಟಿಗಳಲ್ಲಿ ನೂರು ವರ್ಷದಿಂದ ಪಾಠ ಮಾಡ್ತಿದ್ದಾರೆ, ನಿಮ್ಮನ್ನ ಮಾತ್ರ "ಟೈಮ್ ವೇಸ್ಟ್" ಅಂತಾರೆ. ಎಲ್ಲಿಯ ನ್ಯಾಯ ಇದು?

ಮುಯ್ಯಿ ಕತೆನೂ ಅಷ್ಟೇ. ನಮ್ಮಜ್ಜಿ ಹತ್ರ ಒಂದು ಉದ್ದ ಪುಸ್ತಕ ಇತ್ತು, ಯಾವ ಮದ್ವೆಗೆ ಯಾರು ಏನು ಓದಿಸಿದ್ರು ಅಂತ, ಹನ್ನೊಂದು ರೂಪಾಯಿ, ಒಂದು ಹಿತ್ತಾಳೆ ಚೆಂಬು, ಹೀಗೆ. ಅವರ ಮನೆ ಮದ್ವೆ ಬಂದಾಗ ಪುಸ್ತಕ ತೆಗೆದು ನೋಡಿ ಅದಕ್ಕಿಂತ ಒಂದು ಕೈ ಮೇಲೆ ಮಾಡೋರು. ಈಗ ಲಗ್ನಪತ್ರಿಕೆ ಕೆಳಗಡೆ 'ಆಶೀರ್ವಾದವೇ ಉಡುಗೊರೆ' ಅಂತ ಪ್ರಿಂಟ್ ಹಾಕ್ತಾರೆ. ಒಳ್ಳೇ ಮನಸ್ಸಿಂದಲೇ ಹಾಕ್ತಾರೆ, ಇಲ್ಲ ಅನ್ನಲ್ಲ, ಕೈಲಾಗದವರಿಗೆ ಮುಜುಗರ ತಪ್ಪತ್ತೆ. ಆದ್ರೆ ಬಾಕಿ ಇದ್ರೆ ತಾನೇ ಇನ್ನೊಂದ್ಸಲ ಹೋಗೋದು? ಲೆಕ್ಕ ಚುಕ್ತಾ ಆದ್ಮೇಲೆ ಅವರಿಗೂ ನಮಗೂ ಏನು? ಬಫೆ ಕ್ಯೂನಲ್ಲಿ ತಟ್ಟೆ ಹಿಡ್ಕೊಂಡು ನಿಂತು, ಸ್ಟೇಜ್ ಮೇಲೆ ಹೋಗಿ ಫೋಟೋಗೆ ಹಲ್ಲು ಕಿರಿದು, ಪಾರ್ಕಿಂಗಿಂದ ಕಾರು ತೆಗಿಯೋದ್ರಲ್ಲಿ ರಾತ್ರಿ ಹನ್ನೊಂದು. ಪಂಕ್ತೀಲಿ ಕೂತಿದ್ರೆ ಪಕ್ಕದ ಎಲೆಯವರು ಯಾರು ಅಂತಾದ್ರೂ ಗೊತ್ತಾಗ್ತಿತ್ತು. ಬಫೆ ಬಗ್ಗೆ ನಾನು ಬರೆಯೋಕೆ ಕೂತ್ರೆ ನಿಲ್ಲಿಸಲ್ಲ, ನಮ್ಮ ಸಬ್ ಎಡಿಟರ್ ಆಗ್ಲೇ ಗುರಾಯಿಸ್ತಿದ್ದಾರೆ.

2023ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಆಗಿನ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಮಾತಾಡೋ ಮುಖ್ಯ ವೈದ್ಯರು, ಒಂದು ಎಚ್ಚರಿಕೆ ವರದಿ ಹೊರಡಿಸಿದ್ರು, ಒಂಟಿತನ ಅನ್ನೋದು ಸಾಂಕ್ರಾಮಿಕದ ಥರ ಹಬ್ಬಿದೆ, ಜನರ ಒಡನಾಟ ಇಲ್ದೆ ಬದುಕೋದು ಆಯಸ್ಸಿಗೆ ಮಾಡೋ ಹಾನಿ ದಿನಕ್ಕೆ 15 ಸಿಗರೇಟ್ ಸೇದೋದಕ್ಕೆ ಹತ್ತಿರ ಹತ್ತಿರ ಬರತ್ತೆ ಅಂತ. ಬರೆದವರು ಯಾರು ಗೊತ್ತಾ? ವಿವೇಕ್ ಮೂರ್ತಿ, ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆ ಹಲ್ಲೇಗೆರೆಯದ್ದು. ಬ್ರಿಟನ್‌ನಲ್ಲಂತೂ 2018ರಲ್ಲೇ ಒಂಟಿತನದ ಖಾತೆ ಅಂತ ಒಬ್ಬ ಮಂತ್ರಿಗೆ ವಹಿಸಿದ್ರು. ಅಲ್ಲಿ ಸರ್ಕಾರ ದುಡ್ಡು ಖರ್ಚು ಮಾಡಿ ಜನರನ್ನ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಬನ್ನಿ ಅಂತ ಬೇಡ್ಕೊಳ್ತಿರೋವಾಗ, ತುಮಕೂರಲ್ಲಿ ಒಬ್ರು ಪುಕ್ಕಟೆಯಾಗಿ ಅದನ್ನೇ ಮಾಡಿ, ಆಮೇಲೆ ತಪ್ಪು ಮಾಡಿದ್ನೇನೋ ಅಂತ ನನಗೆ ಪತ್ರ ಬರೀತಾರೆ! ನಿಮ್ಮ ಮಗಳಿರೋ ಅಪಾರ್ಟ್‌ಮೆಂಟಿಗೆ ಹೋಗಿ ನೋಡಿ, ಗೇಟಲ್ಲಿ ಸೆಕ್ಯೂರಿಟಿ ಹುಡುಗ ಮೊಬೈಲ್ ನಂಬರ್ ಕೇಳ್ತಾನೆ, ಒಳಗಿನೋರು ಆ್ಯಪಲ್ಲಿ ಓಕೆ ಒತ್ತೋವರೆಗೂ ಹೂವಿನ ಕವರ್ ಹಿಡ್ಕೊಂಡು ಬಿಸಿಲಲ್ಲಿ ನಿಂತಿರ್ಬೇಕು. ಡೆಲಿವರಿಯವನಿಗೂ ನೆಂಟರಿಗೂ ಒಂದೇ ಕ್ಯೂ.

ಇಷ್ಟೆಲ್ಲ ಹೇಳಿ, ನಿಮ್ಮ ಪತ್ರವನ್ನ ಮತ್ತೆ ಓದಿದೆ. ಹೆಡ್‌ಮಿಸ್ ಇದ್ದಾರೆ, ನಾದಿನಿ ಇದ್ದಾರೆ, ಮಗಳಿದ್ದಾಳೆ, ಸೀರೆ ಇದೆ, ಮಂಡಿ ಇದೆ. ನಿಮ್ಮ ಯಜಮಾನ್ರು ಎಲ್ಲಿ? ಗೃಹಪ್ರವೇಶದಲ್ಲಿ ಊಟದ ಹೊತ್ತಿಗೆ ಬಂದು ಕೈ ತೊಳ್ಕೊಂಡು ಹೋಗಿರ್ಬೇಕು. ಸೀಮಂತಕ್ಕೆ "ಹೆಂಗಸರ ಕಾರ್ಯಕ್ರಮ" ಅಂತ ತಪ್ಪಿಸ್ಕೊಂಡಿರ್ಬೇಕು. ನಾದಿನಿ ಅಂದ್ರೆ ಅವರ ಸ್ವಂತ ತಂಗಿ ಅಲ್ವಾ, ಅವಳ ಮಗಳ ಸೀರೆಗೆ ನೀವು ಮಂಡಿ ಸವೆಸಿದ್ದೀರಿ! ಮಿಕೇಲಾ ಡಿ ಲಿಯೊನಾರ್ಡೊ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾದ ಇಟಲಿ ಮೂಲದ ಮನೆಗಳನ್ನ ನೋಡಿ 1987ರಲ್ಲಿ ಬರೆದಿದ್ದು ಇದನ್ನೇ. ಹಬ್ಬದ ಊಟ, ಗ್ರೀಟಿಂಗ್ ಕಾರ್ಡು, ಫೋನ್ ಮಾಡೋದು, ಉಡುಗೊರೆ ಆರಿಸೋದು, ಯಾರ ಜೊತೆ ಎಷ್ಟು ಸಲಿಗೆ ಇಟ್ಕೋಬೇಕು ಅಂತ ತೂಗಿ ನೋಡೋದು, ಇದೆಲ್ಲ ಹೆಂಗಸರೇ ಮಾಡೋದು, ಇದನ್ನ ಅಡುಗೆ, ಮಕ್ಕಳ ಪಾಲನೆ ಥರಾನೇ ಕೆಲಸ ಅಂತ ಎಣಿಸ್ಬೇಕು ಅಂದ್ರು ಆಕೆ. ಗಂಡನ ಕಡೆ ನೆಂಟರನ್ನೂ ಸೇರಿಸಿ ಇಡೀ ಮನೆತನದ ಹೋಗೋದು ಬರೋದು ಒಬ್ಬರ ಮಂಡಿ ಮೇಲೆ ನಿಂತಿದ್ರೆ ಆ ಮಂಡಿ ನೋಯದೆ ಇನ್ನೇನಾಗತ್ತೆ. ಹಾಗಾಗಿ ಓಡಾಟ ಕಮ್ಮಿ ಮಾಡ್ಬೇಡಿ, ಹಂಚಿ. ಮುಂದಿನ ರಿಟೈರ್ಮೆಂಟು, ಮುಂದಿನ ನಾಮಕರಣ ಅವರು ಹೋಗ್ಲಿ, ಒಬ್ಬರೇ ಹೋಗ್ಲಿ, ಏನು ಓದಿಸ್ಬೇಕು ಅಂತ ಅವರೇ ತಲೆ ಕೆಡಿಸ್ಕೊಳ್ಲಿ. ಮಗಳಿಗೂ ಒಂದು ಪಟ್ಟಿ ಕೊಡಿ.

ಚಿಕ್ಕಪೇಟೆ ಅಂದ್ರಲ್ಲ, ನನಗೆ ಆ ಜಾಗ ಕಂಡ್ರೆ ಪ್ರಾಣ. ಕೆಂಪೇಗೌಡ್ರು 1537ರಲ್ಲಿ ಊರು ಕಟ್ಟಿದಾಗಿನ ಬೀದಿ ಅದು, ದೊಡ್ಡಪೇಟೆ ಚಿಕ್ಕಪೇಟೆ ಎರಡೂ ಕೂಡೋ ಚೌಕದಿಂದಲೇ ಬೆಂಗಳೂರು ಬೆಳೆದಿದ್ದು. ದೊಡ್ಡಪೇಟೇನ ಈಗ ಅವೆನ್ಯೂ ರೋಡ್ ಅಂತೀವಿ. ಚಪ್ಪಲಿ ಬಿಟ್ಟು ಬಿಳಿ ಗಾದಿ ಮೇಲೆ ಕೂತ ತಕ್ಷಣ ಅಂಗಡಿಯವನು "ಬಜೆಟ್ ಎಷ್ಟಕ್ಕಾ?" ಅಂತಾನೆ, ನೀವು ಎರಡು ಸಾವಿರ ಅಂದ್ರೆ ನಾಕು ಸಾವಿರದ್ದು ಬಿಚ್ಚಿ ಹಾಕ್ತಾನೆ, ಬರೀ ನೋಡಿ ಅಕ್ಕಾ, ತಗೋಬೇಡಿ ಅಂತಾನೆ, ಬೆಟ್ಟದಷ್ಟು ಸೀರೆ ರಾಶಿ ಬೀಳತ್ತೆ, ಪಕ್ಕದಲ್ಲಿ ಕೂತ ಯಾವುದೋ ಊರಿನ ಮದ್ವೆ ಪಾರ್ಟಿಯವರು "ಆ ಬಣ್ಣ ಹುಡುಗಿಗೆ ಒಪ್ಪಲ್ಲ" ಅಂತ ಕೇಳ್ದೇನೇ ಹೇಳ್ತಾರೆ, ಅವರು ಹೇಳಿದ್ದೇ ಸರಿ ಇರತ್ತೆ. ನಾದಿನಿ ಜೊತೆಗಿನ ಹಳೇ ಮುನಿಸು ಆ ಗಾದಿ ಮೇಲೆ ಎಷ್ಟೋ ಕರಗಿರತ್ತೆ. ಇದನ್ನ ಯಾವ ಆ್ಯಪಲ್ಲಿ 'ಆಡ್ ಟು ಕಾರ್ಟ್' ಮಾಡ್ತೀರಿ?

ನಿಮ್ಮ ಇಳಕಲ್ ವಿಷಯ. ಸೀರೆ ಬಿಚ್ಚಿ, ಮೈ ಮುಗಿದು ಸೆರಗು ಶುರುವಾಗೋ ಜಾಗ ನೋಡಿ. ಬಾಗಲಕೋಟೆ ಜಿಲ್ಲೆ ಇಳಕಲ್ಲಿನ ನೇಕಾರರು ಮೈಯ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ ಮಾಡ್ಕೊಂಡು ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸ್ತಾರೆ. ಅದಕ್ಕೇ ಮೈ ಹತ್ತಿ ಇದ್ರೂ ಸೆರಗು ಕೆಂಪು ರೇಷ್ಮೆ, ಮೇಲೆ ಬಿಳಿ ಗೋಪುರದ ಹಾಗಿನ ಕುಸುರಿ, ತೋಪ್ ತೆನಿ ಅನ್ನೋದು ಇದನ್ನೇ. ಆ ಕುಣಿಕೆ ಸಾಲು ಬೆರಳಿಗೆ ಸಿಗ್ಬೇಕು. ಸಿಗದೆ ಮೈಯ ಎಳೆಗಳೇ ನೇರ ಸೆರಗಿಗೆ ಹರಿದಿದ್ರೆ ಅದು ಮಿಷಿನ್ನಿನ ಸೀರೆ ಅಂತ ಅನುಮಾನ ಪಡಿ. ಹಾಗಂತ ಬಿಸಾಕ್ಬೇಡಿ, ಉಡಿ. ಮುಂದಿನ ಸಲ ದುಡ್ಡು ಕೊಡೋಕೆ ಮುಂಚೆ ಬೆರಳಾಡಿಸಿ ನೋಡಿ, ಫೋನಲ್ಲಿ ತರ್ಸಿದ್ರೆ ಅದೂ ಆಗಲ್ಲ.

ಆಧಾರ್ ತೋರ್ಸಿ ಬಸ್ಸಲ್ಲಿ ಬಂದಿರ್ತೀರಿ ಅಂದ್ಕೋತೀನಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿಂದ "ಹೆಂಗಸರು ಕೆಲಸ ಇಲ್ದೆ ಊರೂರು ಸುತ್ತುತಾರೆ" ಅಂತ ಆಡ್ಕೊಳ್ಳೋ ಜೋಕುಗಳು ನಮ್ಮ ಆಫೀಸಿಗೂ ಬರ್ತವೆ, ಒಂದನ್ನೂ ಛಾಪಿಸಿಲ್ಲ. ಗಂಡಸರು ಕ್ರಿಕೆಟ್ ನೋಡೋಕೆ ಊರು ದಾಟಿ ಹೋದ್ರೆ ಅದು ಉತ್ಸಾಹ, ಹೆಂಗಸರು ತಂಗಿ ಮನೆಗೆ ಹೋದ್ರೆ ಸುತ್ತಾಟ! ಬಸ್ಸೇನೋ ಫ್ರೀ ಆಯ್ತು. ಮೆಜೆಸ್ಟಿಕ್ಕಿಂದ ಚಿಕ್ಕಪೇಟೆಗೆ ಮೆಟ್ರೋದಲ್ಲಿ ಒಂದೇ ಸ್ಟಾಪು, ಅದೂ ಆಯ್ತು. ಆದ್ರೆ ಅಲ್ಲಿ ಇಳಿದ್ಮೇಲೆ ಬೆಳಗ್ಗೆಯಿಂದ ಸಂಜೆವರೆಗೂ ಸೀರೆ, ಬಳೆ, ಪಾತ್ರೆ ಅಂತ ಓಡಾಡೋ ಹೆಂಗಸರು ನೀರು ಕುಡಿಯೋಕೆ ಹೆದರ್ತಾರೆ, ಯಾಕೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇರೋರ ಪಾಡು ಕೇಳೋದೇ ಬೇಡ. ಸಾವಿರಾರು ಅಂಗಡಿ, ದಿನಕ್ಕೆ ಕೋಟಿಗಟ್ಲೆ ವ್ಯಾಪಾರ, ಗಿರಾಕಿಗಳಲ್ಲಿ ಬಹುಪಾಲು ಹೆಂಗಸರು, ಆದ್ರೂ ಬಾಗಿಲು ಸರಿಯಾಗಿ ಹಾಕೋಕಾಗೋ ಒಂದು ಟಾಯ್ಲೆಟ್ ಹುಡುಕೋದು ಸೀರೆ ಹುಡುಕೋದಕ್ಕಿಂತ ಕಷ್ಟ. ರೋಡ್ ಅಗೀತಾರೆ, ಮುಚ್ತಾರೆ, ಕಲ್ಲು ಹಾಸ್ತಾರೆ, ಮತ್ತೆ ಅಗೀತಾರೆ, ಈ ವಿಷಯ ಮಾತ್ರ ಯಾವ ಪ್ಲಾನಲ್ಲೂ ಕಾಣಲ್ಲ.

ಚಿಕ್ಕಪೇಟೆ, ಅವೆನ್ಯೂ ರೋಡ್, ಬಳೇಪೇಟೆ, ಮಾಮೂಲ್‌ಪೇಟೆ ಸುತ್ತಮುತ್ತ ಹೆಂಗಸರು ಧೈರ್ಯವಾಗಿ ಹೋಗ್ಬಹುದಾದ ಜಾಗ ಗೊತ್ತಿರೋ ಓದುಗರು ಗುರುತು ಸಮೇತ, ಎಷ್ಟು ಗಂಟೆವರೆಗೆ ತೆಗೆದಿರತ್ತೆ ಅನ್ನೋದನ್ನೂ ಸೇರಿಸಿ ಬರೀರಿ. ಗ್ರಾಹಕರಿಗೆ ತಮ್ಮ ಟಾಯ್ಲೆಟ್ ಬಿಟ್ಕೊಡೋ ಅಂಗಡಿಗಳವರೂ ಬರೀಬಹುದು. ಮದ್ವೆ ಸೀಸನ್ ಶುರುವಾಗೋದ್ರೊಳಗೆ ಒಂದು ಪೂರ್ತಿ ಪುಟ ಅದಕ್ಕೆ ಬಿಡ್ತೀನಿ, ಜಾಹೀರಾತಿನವರು ಏನಾದ್ರೂ ಅಂದ್ಕೊಳ್ಲಿ.

- ಸಂಪಾದಕ