ಏರಿನಲ್ಲಿ ಮುಗ್ಗರಿಸುವ ಕಾರು

ಪ್ರಶ್ನೆ: ನನ್ನ ಚಿಕ್ಕ ಪೆಟ್ರೋಲ್ ಕಾರು ಏರಿನಲ್ಲಿ ಜಗ್ಗಿ ಜಗ್ಗಿ ಹೋಗುತ್ತದೆ, ಎಳೆಯುವುದೇ ಇಲ್ಲ. ಎಂಜಿನ್ ದೀಪ ಮಿನುಗುತ್ತದೆ. ಫ್ಯೂಯಲ್ ಪಂಪ್ ಬದಲಿಸಲೇ?

ಉತ್ತರ: ಸುಮ್ನೆ ಪಂಪ್‌ಗೆ ಕೈ ಹಾಕಬೇಡಿ. ದೀಪ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಹಾಗೇ ಓಡಿಸಬೇಡಿ, ಹೊಗೆ ಶುದ್ಧ ಮಾಡುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಮೊದಲು ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0302 ಬಂದರೆ ತೊಂದರೆ ಎರಡನೇ ಸಿಲಿಂಡರ್‌ನಲ್ಲಿ. ಕಿಡಿ ಹಚ್ಚುವ ಪ್ರತಿ ಸ್ಪಾರ್ಕ್ ಪ್ಲಗ್‌ಗೂ ಕರೆಂಟ್ ಕೊಡುವ ಬೇರೆ ಕಾಯಿಲ್ ಇದೆ ಅಲ್ವಾ? ಎಂಜಿನ್ ಆರಿಸಿ, ಎರಡನೇ ಕಾಯಿಲನ್ನೂ ಮೂರನೆಯದನ್ನೂ ಅದಲುಬದಲು ಮಾಡಿಸಿ, ಕೋಡ್ ಅಳಿಸಿ ಓಡಿಸಿ ನೋಡಿ. ಕೋಡ್ ಪಿ0303 ಆದರೆ, ಅಂದರೆ ತೊಂದರೆ ಕಾಯಿಲ್ ಜೊತೆಗೇ ಮೂರನೇ ಸಿಲಿಂಡರ್‌ಗೆ ಹೋದರೆ, ಕಾಯಿಲ್ ಕೆಟ್ಟಿದೆ. ಆಗದಿದ್ದರೆ ಪ್ಲಗ್ ಬಿಚ್ಚಿಸಿ. ನನ್ನ ಕಾರಿನ ಪ್ಲಗ್‌ನಲ್ಲಿ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಕರಿಗೆರೆ ಇತ್ತು. ಲೋಡ್ ಜಾಸ್ತಿಯಾದಾಗ ಕರೆಂಟ್ ಅಲ್ಲೇ ಸೋರಿಹೋಗುತ್ತಿತ್ತು. ಪಂಪ್, ಫಿಲ್ಟರ್ ಎಲ್ಲ ಆಮೇಲೆ.