ಡೊಂಬಿವಲಿಯಲ್ಲಿ 25 ಸಾವಿರದೊಳಗೆ ಹೊಸ ಫ್ರಿಜ್ ಬೇಕು, ದೀಪಾವಳಿವರೆಗೆ ಕಾಯಬೇಕಾ?

ಹುಬ್ಬಳ್ಳಿಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಹೊಸದಾಗಿ ಬಂದಿದ್ದೀರಿ. ಬಾಡಿಗೆಯ ಒನ್ ಬಿಎಚ್‌ಕೆ, ಮನೆಯಲ್ಲಿ ಇಬ್ಬರೇ, ಕೈಯಲ್ಲಿ 25 ಸಾವಿರ. ಈಗಲೇ ತಗೊಳ್ಳೋದಾ, ದೀಪಾವಳಿ ಸೇಲ್ ಬರಲಿ ಅಂತ ಕಾಯೋದಾ, ಆನ್‌ಲೈನಾ, ಅಂಗಡಿಯಾ ಅಂತ ಕೇಳಿದ್ದೀರಿ.

ಕಾಯಬೇಡಿ. ಜುಲೈ ತಿಂಗಳಲ್ಲಿ ಫ್ರಿಜ್ ಇಲ್ಲದೆ ದೀಪಾವಳಿವರೆಗೆ ಹಾಲು ಒಡೆಸಿಕೊಂಡು ಕೂತರೆ ಸಿಗುವ ಉಳಿತಾಯ ಅಷ್ಟೇನೂ ದೊಡ್ಡದಲ್ಲ. ನಾನು ಠಾಣೆಯಲ್ಲಿ ಟಿವಿ, ಫ್ರಿಜ್, ವಾಷಿಂಗ್ ಮಷೀನ್ ಮಾರುವ ಡೀಲರ್ ಒಬ್ಬರ ಹತ್ತಿರ ಲೆಕ್ಕ ನೋಡಿಕೊಳ್ಳುತ್ತೇನೆ. ಬಿಲ್ಲು, ಸ್ಕೀಮು, ಕ್ರೆಡಿಟ್ ನೋಟು (ಕಂಪನಿ ಡೀಲರ್‌ಗೆ ಆಮೇಲೆ ಬಿಟ್ಟುಕೊಡುವ ಹಣದ ಚೀಟಿ) ಎಲ್ಲ ನನ್ನ ಮೇಜಿನ ಮೇಲೇ ಹಾದುಹೋಗುತ್ತವೆ. ಹಾಗಾಗಿ ಕೌಂಟರ್‌ನ ಒಳಗಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಫ್ರಿಜ್‌ಗೆ ಒಂದು ಬೆಲೆ ಅಂತ ಇರುವುದೇ ಇಲ್ಲ. ಎಂಆರ್‌ಪಿ ಒಂದು, ಟ್ಯಾಗ್ ಮೇಲೆ ಬರೆದದ್ದು ಒಂದು, ಕಾರ್ಡ್ ಆಫರ್ ಕಳೆದ ಮೇಲೆ ಒಂದು, ಹಳೇ ಫ್ರಿಜ್ ಕೊಟ್ಟರೆ ಒಂದು, ಇಎಂಐ ಮಾಡಿದರೆ ಮತ್ತೊಂದು. ಮಾರುವವರು ಇವನ್ನೆಲ್ಲ ಕಲಸಿ, ಒಂದೇ ದೊಡ್ಡ ರಿಯಾಯಿತಿ ಮಾಡಿ ಮುಂದಿಡುತ್ತಾರೆ. ಎಂಆರ್‌ಪಿ ಮೇಲೆ 35 ಪರ್ಸೆಂಟ್ ಆಫ್ ಅಂದರೆ ಅದರಲ್ಲಿ ಹಿಗ್ಗುವಂಥದ್ದು ಏನೂ ಇಲ್ಲ. ಎಂಆರ್‌ಪಿಗೆ ಫ್ರಿಜ್ ತಗೊಂಡು ಹೋದ ಗಿರಾಕಿಯನ್ನು ನಾನಂತೂ ನೋಡಿಲ್ಲ.

ಅದಕ್ಕೇ ಮೊದಲ ಪ್ರಶ್ನೆ ಹೀಗಿರಲಿ: ಎಕ್ಸ್‌ಚೇಂಜ್ ಇಲ್ಲ, ಇಎಂಐ ಇಲ್ಲ, ಕಾರ್ಡ್ ಆಫರ್ ಇಲ್ಲ, ಈಗಲೇ ಯುಪಿಐ ಮಾಡುತ್ತೇನೆ, ಬಿಲ್ ಸಮೇತ, ನಮ್ಮ ಮಹಡಿಗೆ ತಲುಪಿಸಿ ಎಷ್ಟು? ಈ ಒಂದು ಅಂಕಿ ಸಿಕ್ಕಿದ ಮೇಲೆ ಉಳಿದ ಆಫರ್‌ಗಳನ್ನು ಒಂದೊಂದಾಗಿ ತೆರೆಸಿ. ಯಾವುದು ಈ ಅಂಕಿಯಿಂದ ಮತ್ತೂ ಇಳಿಸುತ್ತದೋ ಅದು ನಿಜವಾದ ಆಫರ್. ಎಷ್ಟೋ ಸಲ ಎಕ್ಸ್‌ಚೇಂಜ್ ಬೋನಸ್ ಅಂತ ಕೊಡುವ ಎರಡು ಸಾವಿರ, ಎಕ್ಸ್‌ಚೇಂಜ್ ಇಲ್ಲದೆ ಸುಮ್ನೆ ಕೇಳಿದರೂ ಸಿಗುವ ಎರಡು ಸಾವಿರವೇ ಆಗಿರುತ್ತದೆ. ನಿಮ್ಮ ಹತ್ತಿರ ಹಳೆಯದು ಇಲ್ಲ, ಹಾಗಾಗಿ ಈ ಮಾತು ಇಲ್ಲಿಗೆ ಸಾಕು.

ಯಾರನ್ನು ಕೇಳುತ್ತೀರಿ ಅನ್ನುವುದೂ ಮುಖ್ಯ. ದೊಡ್ಡ ಅಂಗಡಿಗಳಲ್ಲಿ ಕಂಪನಿಯ ಹೆಸರಿನ ಟೀ ಶರ್ಟ್ ಹಾಕಿಕೊಂಡು ನಿಂತವರು ಹೆಚ್ಚಾಗಿ ಅಂಗಡಿಯವರಲ್ಲ, ಆ ಬ್ರ್ಯಾಂಡ್ ಕಳುಹಿಸಿದ ಪ್ರಮೋಟರ್‌ಗಳು. ಒಳ್ಳೆಯವರೇ, ಮಾಹಿತಿಯೂ ಚೆನ್ನಾಗಿ ಕೊಡುತ್ತಾರೆ. ಆದರೆ ತಮ್ಮ ಬ್ರ್ಯಾಂಡಿನ ಎದುರು ಬೇರೆಯದನ್ನು ಹೊಗಳುವುದಿಲ್ಲ, ಬೆಲೆ ಇಳಿಸುವ ಅಧಿಕಾರವೂ ಅವರ ಕೈಯಲ್ಲಿ ಇರುವುದಿಲ್ಲ. ಮಾಡೆಲ್ ನಿಕ್ಕಿಯಾದ ಮೇಲೆ ಫ್ಲೋರ್ ಮ್ಯಾನೇಜರ್ ಹತ್ತಿರ ಹೋಗಿ. ಚಿಕ್ಕ ಅಂಗಡಿಯಾದರೆ ಗಲ್ಲಾ ಮೇಲೆ ಕೂತ ಸೇಠ್ ಹತ್ತಿರ. ಮರಾಠಿ ಬರಲ್ಲ ಅಂತ ಹಿಂಜರಿಯಬೇಡಿ. "ಭಾವೂ, ಫಾಯನಲ್ ಕಿತೀ?" (ಅಣ್ಣಾ, ಕೊನೇ ಬೆಲೆ ಎಷ್ಟು?) ಅಂದರೆ ಸಾಕು, ಮಿಕ್ಕಿದ್ದು ಕ್ಯಾಲ್ಕ್ಯುಲೇಟರ್ ಮೇಲೆ ನಡೆಯುತ್ತದೆ.

ಇಎಂಐ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸ ಸಂಸಾರದವರು ಇಲ್ಲೇ ಜಾಸ್ತಿ ಜಾರುವುದು. ಬಡ್ಡಿ ಇಲ್ಲದ ಸಾಲ ಅನ್ನುವುದು ಇಲ್ಲ. ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಬರೆದು, ಸೊನ್ನೆ ಬಡ್ಡಿ ಅನ್ನುವುದು ಇರಲಾರದು ಅಂತ ಹೇಳಿದೆ. ಈಗಿನ ನೋ ಕಾಸ್ಟ್ ಇಎಂಐನಲ್ಲಿ ಬಡ್ಡಿ ಇದ್ದೇ ಇರುತ್ತದೆ. ಅಷ್ಟೇ ಮೊತ್ತವನ್ನು ಮೊದಲೇ ಬೆಲೆಯಲ್ಲಿ ಕಳೆದು ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ನೀವು ಕಟ್ಟಬೇಕು, ಜೊತೆಗೆ ಪ್ರೊಸೆಸಿಂಗ್ ಫೀ. ಬಡ್ಡಿ ಸಾವಿರ ರೂಪಾಯಿ, ಫೀ 199 ಅಂತ ಹಿಡಿದರೆ ಎಲ್ಲ ಸೇರಿ ನಾನೂರು ಚಿಲ್ಲರೆ. ಅದು ದೊಡ್ಡದಲ್ಲ ಬಿಡಿ. ದೊಡ್ಡದು ಕಣ್ಣಿಗೆ ಕಾಣದ್ದು: ಆ ಬಡ್ಡಿಯ ಭಾರವನ್ನು ಕಂಪನಿಯೋ ಅಂಗಡಿಯೋ ಹೊರುತ್ತದೆ, ಹಾಗೆ ಹೊತ್ತವರು ನಿಮಗೆ ನಗದು ರಿಯಾಯಿತಿ ಕೊಡಲು ಕೈ ಹಿಂದೆಗೆಯುತ್ತಾರೆ. 25 ಸಾವಿರ ಕೈಯಲ್ಲೇ ಇದ್ದರೆ ಇಎಂಐ ಮಾತೇ ಎತ್ತಬೇಡಿ. ಬ್ಯಾಂಕ್ ಕಾರ್ಡಿನ ಇನ್‌ಸ್ಟಂಟ್ ಡಿಸ್ಕೌಂಟ್ ಬೇರೆ ವಿಷಯ, ಅದು ಒಳ್ಳೆಯದೇ. ಆದರೆ 10 ಪರ್ಸೆಂಟ್ ಅಂತ ದೊಡ್ಡದಾಗಿ ಬರೆದು, ಗರಿಷ್ಠ ಇಷ್ಟೇ ರೂಪಾಯಿ ಅಂತ ಸಣ್ಣದಾಗಿ ಬರೆದಿರುತ್ತಾರೆ. ಕೆಲವು ಆಫರ್ ಇಎಂಐ ಮಾಡಿದವರಿಗೆ ಮಾತ್ರ. ಎರಡೂ ಓದಿಕೊಳ್ಳಿ.

ಇನ್ನೊಂದು ಮಾತು ಈಗ ಅಂಗಡಿಗಳಲ್ಲಿ ಕೇಳುತ್ತೀರಿ: ಜಿಎಸ್‌ಟಿ ಇಳಿದಿದೆ, ಅದಕ್ಕೇ ಈ ಬೆಲೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ 28 ಪರ್ಸೆಂಟಿನಿಂದ 18ಕ್ಕೆ ಇಳಿದದ್ದು ಎಸಿ, ಡಿಶ್‌ವಾಷರ್, ದೊಡ್ಡ ಟಿವಿ. ಮನೆ ಫ್ರಿಜ್ 2018ರ ಜುಲೈನಿಂದಲೇ 18ರಲ್ಲಿದೆ. ಹೀಗೆ ಹೇಳಿದವರ ಹತ್ತಿರ ಜಗಳ ಬೇಡ, ನಕ್ಕು ಮುಂದಿನ ಅಂಕಿ ಕೇಳಿ.

ಈಗ ಯಾವಾಗ ಅನ್ನುವುದು. ಫ್ರಿಜ್ ಮಾರಾಟಕ್ಕೆ ಬೇಸಿಗೆಯೇ ಸುಗ್ಗಿ. ಗುಡಿ ಪಾಡ್ವಾ, ಅಕ್ಷಯ ತೃತೀಯ ಎರಡೂ ಅದೇ ಹೊತ್ತಿಗೆ ಬರುವುದರಿಂದ ಅಂಗಡಿಯವರಿಗೆ ಬಗ್ಗುವ ಅಗತ್ಯ ಇರುವುದಿಲ್ಲ. ಮಳೆ ಶುರುವಾದ ಮೇಲೆ ಮಾರಾಟ ತಣ್ಣಗಾಗುತ್ತದೆ, ಬೇಸಿಗೆಗೆ ಅಂತ ತರಿಸಿದ ಮಾಲು ಭಿವಂಡಿಯ ಗೋದಾಮುಗಳಲ್ಲಿ ಕೂತಿರುತ್ತದೆ. ಗೋದಾಮಿನ ಬಾಡಿಗೆ ಓಡುತ್ತಲೇ ಇರುತ್ತದೆ ಅಲ್ವಾ? ಹಾಗಾಗಿ ಜುಲೈ, ಆಗಸ್ಟ್ ಕೊಳ್ಳುವವರ ತಿಂಗಳು. ಸ್ವಾತಂತ್ರ್ಯ ದಿನದ ಸೇಲ್ ಕೂಡ ಇದೇ ಹೊತ್ತಿಗೆ ಬರುತ್ತದೆ. ತಿಂಗಳ ಕೊನೆಯ ವಾರ ಇನ್ನೂ ಒಳ್ಳೆಯದು. ಡೀಲರ್‌ಗೆ ಕಂಪನಿಯಿಂದ ಟಾರ್ಗೆಟ್ ಇರುತ್ತದೆ, ಅದು ಮುಟ್ಟಿದರೆ ಆಮೇಲೆ ಕ್ರೆಡಿಟ್ ನೋಟು ಬರುತ್ತದೆ. 28ನೇ ತಾರೀಕಿಗೆ ನಾಲ್ಕೈದು ಪೀಸ್ ಕಡಿಮೆ ಬಿದ್ದರೆ, ಒಂದು ಪೀಸಿನ ಲಾಭ ಬಿಟ್ಟಾದರೂ ಟಾರ್ಗೆಟ್ ಮುಟ್ಟಿಸಲು ನೋಡುತ್ತಾರೆ. ಈ ಹಗ್ಗಜಗ್ಗಾಟ ಗಿರಾಕಿಗೆ ಕಾಣುವುದಿಲ್ಲ, ನಮಗೆ ತಿಂಗಳು ತಿಂಗಳೂ ಕಾಣುತ್ತದೆ. ವಾರದ ನಡುವೆ ಮಧ್ಯಾಹ್ನ ಹೋಗಿ. ಭಾನುವಾರ ಸಂಜೆ ಯಾರಿಗೂ ನಿಮ್ಮ ಜೊತೆ ಚೌಕಾಸಿ ಮಾಡಲು ಪುರಸೊತ್ತು ಇರುವುದಿಲ್ಲ.

ಗಣಪತಿ ಹೋದ ಮೇಲೆ ಬರುವ ಪಿತೃಪಕ್ಷದಲ್ಲಿ ಇಲ್ಲಿ ಹೊಸ ವಸ್ತು ಕೊಳ್ಳುವವರು ಕಡಿಮೆ, ಅಂಗಡಿಗಳು ಬಿಕೋ ಅನ್ನುತ್ತವೆ. ನಿಮಗೆ ಆ ಲೆಕ್ಕ ಇಲ್ಲದಿದ್ದರೆ ಚೌಕಾಸಿಗೆ ಅದೂ ಒಳ್ಳೆಯ ಸಮಯ. ಊರಿನಲ್ಲಿರುವ ಹಿರಿಯರಿಗೆ ಬಿಲ್ಲಿನ ತಾರೀಕು ತೋರಿಸಬೇಡಿ ಅಷ್ಟೇ. ದಸರಾ, ಧನತ್ರಯೋದಶಿಗೆ ಆಫರ್‌ಗಳು ನಿಜಕ್ಕೂ ಬರುತ್ತವೆ, ಇಲ್ಲ ಅನ್ನಲಾರೆ. ಆದರೆ ನಿಮಗೆ ಬೇಕಾದ ಮಾಡೆಲ್ ಖಾಲಿ, ಡೆಲಿವರಿ ತಡ, ಡೆಮೊ ಕೊಡುವವರು ನಾಲ್ಕು ದಿನ ಬಿಟ್ಟು.

ಯಾವುದು ತಗೊಳ್ಳೋದು ಅನ್ನುವುದನ್ನು ಬೆಲೆಗಿಂತ ಮೊದಲು ತೀರ್ಮಾನಿಸಿ. ಇಬ್ಬರಿಗೆ, ದಿನಾ ಸೊಪ್ಪು ತರಕಾರಿ ಸಿಗುವ ಡೊಂಬಿವಲಿಯಲ್ಲಿ, 180ರಿಂದ 200 ಲೀಟರಿನ ಸಿಂಗಲ್ ಡೋರ್ ಸಾಕು. ಹಾಲು, ಮೊಸರು, ದೋಸೆ ಹಿಟ್ಟು, ಒಂದಿಷ್ಟು ಮಾವಿನಹಣ್ಣು ಎಲ್ಲ ಹಿಡಿಸುತ್ತದೆ. ಕರೆಂಟೂ ಕಡಿಮೆ. ಮೀನು, ಮಾಂಸ ತಂದಿಡುವ ಅಭ್ಯಾಸ ಇದ್ದರೆ ಅಥವಾ ಊರಿಂದ ಆಗಾಗ ಜನ ಬರುವುದಿದ್ದರೆ ಸುಮಾರು 240 ಲೀಟರಿನ ಫ್ರಾಸ್ಟ್ ಫ್ರೀ (ಒಳಗೆ ಮಂಜುಗಡ್ಡೆ ಕಟ್ಟದ) ಡಬಲ್ ಡೋರ್ ನೋಡಿ. ನಿಮ್ಮ ಬಜೆಟ್‌ನಲ್ಲಿ ಅವುಗಳಲ್ಲೇ ಕಡಿಮೆ ಬೆಲೆಯ ಮಾಡೆಲ್‌ಗಳು ಬರುತ್ತವೆ. ಪೆಟ್ಟಿಗೆ ಮೇಲಿನ ಲೀಟರ್ ನೋಡಿ ಮರುಳಾಗಬೇಡಿ. ಒಟ್ಟು ಲೀಟರ್ ಬೇರೆ, ಸಾಮಾನು ಇಡಲು ಸಿಗುವ ಲೀಟರ್ ಬೇರೆ.

ಕರೆಂಟ್ ಉಳಿತಾಯದ ಸ್ಟಾರ್ ವಿಷಯದಲ್ಲಿ ನನ್ನ ಅಭಿಪ್ರಾಯ ಅಂಗಡಿಯವರಿಗೆ ಹಿಡಿಸುವುದಿಲ್ಲ. ಸ್ಟಾರ್ ಎಣಿಸಬೇಡಿ, ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದಲ್ಲ, ಅದನ್ನು ನೋಡಿ. ಒಂದರಲ್ಲಿ 210, ಇನ್ನೊಂದರಲ್ಲಿ 150 ಅಂತ ಇದೆ ಅಂದುಕೊಳ್ಳಿ. ಅಂತರ 60 ಯೂನಿಟ್. ಯೂನಿಟ್‌ಗೆ ಹತ್ತು ರೂಪಾಯಿ ಹಿಡಿದರೆ ವರ್ಷಕ್ಕೆ 600. ಬೆಲೆಯ ಅಂತರ ನಾಲ್ಕು ಸಾವಿರ ಇದ್ದರೆ ಅದು ವಾಪಸ್ ಬರಲು ಆರು ವರ್ಷ ದಾಟುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟಿನ ಬಾಡಿಗೆ ಮನೆಯಲ್ಲಿ ಇರುವವರಿಗೆ ಅದೇನೂ ಅರ್ಜೆಂಟಿಲ್ಲ. ಅಂತರ ಸಾವಿರ, ಒಂದೂವರೆ ಸಾವಿರ ಮಾತ್ರ ಆದರೆ ಕಣ್ಣು ಮುಚ್ಚಿ ಕಡಿಮೆ ಯೂನಿಟಿನದು ತಗೊಳ್ಳಿ. ನಿಮ್ಮ ಮಹಾವಿತರಣದ (ಇಲ್ಲಿನ ಕರೆಂಟ್ ಕಂಪನಿ) ಬಿಲ್ಲಿನಲ್ಲಿ ಯೂನಿಟ್ ಜಾಸ್ತಿಯಾದಂತೆ ದರವೂ ಏರುತ್ತದೆ, ಆದ್ದರಿಂದ ಎಸಿ ಇರುವ ಮನೆಯವರ ಲೆಕ್ಕ ಬೇರೆಯೇ ಬರುತ್ತದೆ. ಸ್ಟಾರಿನ ಮಾನದಂಡ ಆಗಾಗ ಬಿಗಿಯಾಗುತ್ತದೆ, 2023ರ ಜನವರಿಯಲ್ಲಿ ಹಾಗಾಗಿತ್ತು. ಆದ್ದರಿಂದ ಹಳೇ ಲೇಬಲಿನ ಐದು ಸ್ಟಾರ್, ಹೊಸ ಲೇಬಲಿನ ಐದು ಸ್ಟಾರ್ ಒಂದೇ ಅಲ್ಲ. ಲೇಬಲ್ ಮೇಲೆ ಅವಧಿ ಇರುತ್ತದೆ, ನೋಡಿ.

ಇದೇ ಕಾರಣಕ್ಕೆ ಹಳೇ ವರ್ಷದ ಮಾಡೆಲ್ ಅನ್ನುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಡೀಲ್. ಹೊಸ ವರ್ಷದ್ದರಲ್ಲಿ ಬಾಗಿಲಿನ ಹೂವಿನ ಚಿತ್ರ ಬದಲಾಗಿರುತ್ತದೆ, ಮಾನದಂಡ ಬಿಗಿಯಾಗಿದ್ದರೆ ಒಂದು ಸ್ಟಾರ್ ಕಡಿಮೆ ಕಾಣುತ್ತದೆ, ಒಳಗಿನದು ಹೆಚ್ಚುಕಡಿಮೆ ಅದೇ. "ಹಿಂದಿನ ವರ್ಷದ ಸ್ಟಾಕ್ ಇದೆಯಾ?" ಅಂತ ನೀವಾಗಿ ಕೇಳಬೇಕು, ಅವರಾಗಿ ಹೇಳುವುದಿಲ್ಲ. ತಯಾರಾದ ತಿಂಗಳು, ವರ್ಷ ಸ್ಟಿಕ್ಕರಿನ ಮೇಲೆ ಇರುತ್ತದೆ. ವಾರಂಟಿ ಮಾತ್ರ ಬಿಲ್ಲಿನ ತಾರೀಕಿನಿಂದಲೇ ಶುರುವಾಗಬೇಕು. ಡಿಸ್ಪ್ಲೇ ಪೀಸ್ ಕೊಟ್ಟರೆ ಇನ್ನಷ್ಟು ಇಳಿಸಿ ಕೇಳಿ, ಬಾಗಿಲಿನ ರಬ್ಬರ್ ಬಿಗಿಯಾಗಿದೆಯಾ ಅಂತ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿ. ಸುಲಭವಾಗಿ ಜಾರಿ ಬಂದರೆ ಬೇಡ.

ಆನ್‌ಲೈನ್ ಬೆಲೆಯನ್ನು ಚೌಕಾಸಿಯ ಆಯುಧ ಮಾಡಿಕೊಳ್ಳಿ. ನಿಮ್ಮ ಪಿನ್‌ಕೋಡ್ ಹಾಕಿ, ಪೂರ್ತಿ ಮಾಡೆಲ್ ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಅಂಗಡಿಗೆ ಹೋಗಿ. ವಿಜಯ್ ಸೇಲ್ಸ್, ಕ್ರೋಮಾ, ರಿಲಯನ್ಸ್ ಡಿಜಿಟಲ್ ಮಳಿಗೆಗಳಲ್ಲಿ ಒಂದೆರಡು, ಸ್ಟೇಷನ್ ಹತ್ತಿರದ ಸ್ಥಳೀಯ ಡೀಲರ್ ಒಬ್ಬರು, ಇಷ್ಟು ಸುತ್ತಿದರೆ ಸಾಕು. ಮಾಡೆಲ್ ನಂಬರಿನ ಕೊನೆಯ ಅಕ್ಷರಗಳ ಮೇಲೆ ಕಣ್ಣಿರಲಿ. ಬಣ್ಣ, ವರ್ಷ, ಮಾರುವ ಜಾಗಕ್ಕೆ ತಕ್ಕಂತೆ ಅವು ಬದಲಾಗುತ್ತವೆ, ಆಗ ಇದು ಆ ಮಾಡೆಲ್ ಅಲ್ಲ ಅಂತ ನುಣುಚಿಕೊಳ್ಳಲು ದಾರಿಯಾಗುತ್ತದೆ. ಐನೂರು, ಏಳುನೂರು ಅಂತರ ಇದ್ದರೂ ನಾನು ಅಂಗಡಿಯನ್ನೇ ಆರಿಸುತ್ತೇನೆ. ಬಾಗಿಲು ಸೊಟ್ಟಗಾಗಿ ಬಂದರೆ ಎದುರು ಹೋಗಿ ನಿಲ್ಲಲು ಒಂದು ಮುಖ ಇರುತ್ತದೆ. ನಿಮ್ಮ ಆಫೀಸಿನ ಎಚ್‌ಆರ್ ಹತ್ತಿರವೂ ಒಮ್ಮೆ ಕೇಳಿ. ಕೆಲವು ಬ್ರ್ಯಾಂಡ್‌ಗಳು ದೊಡ್ಡ ಕಂಪನಿಗಳ ಉದ್ಯೋಗಿಗಳಿಗೆ ಬೇರೆ ಬೆಲೆ ಕೊಡುತ್ತವೆ, ಬಹಳ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ ಎಲ್‌ಜಿ, ವರ್ಲ್‌ಪೂಲ್, ಹೈಯರ್ ಮೂವರ ಕಾರ್ಖಾನೆಯೂ ಇದೆ, ಅಲ್ಲಿಂದ ನೇರ ಅಗ್ಗವಾಗಿ ಸಿಗುತ್ತದಾ ಅಂತ ಕೇಳುವವರಿದ್ದಾರೆ. ಅಂಥ ಚಿಲ್ಲರೆ ವ್ಯಾಪಾರ ಅವರು ಮಾಡುವುದಿಲ್ಲ. ಕಂಪನಿ ಗೋದಾಮಿನಿಂದ ನೇರ ಅಂತ ಮೊಬೈಲ್‌ಗೆ ಮೆಸೇಜ್ ಬಂದರೆ ಅಡ್ವಾನ್ಸ್ ಕಳುಹಿಸಬೇಡಿ.

ಬಿಲ್ ಮಾಡುವ ಹೊತ್ತಿಗೆ ಸಣ್ಣ ಸಣ್ಣ ಸಾಮಾನು ಸೇರುತ್ತವೆ: ಸ್ಟ್ಯಾಂಡ್, ಕವರ್, ಸ್ಟೆಬಿಲೈಸರ್, ಎಕ್ಸ್‌ಟೆಂಡೆಡ್ ವಾರಂಟಿ. ಅಂಗಡಿಗೆ ಲಾಭ ಇರುವುದೇ ಇದರಲ್ಲಿ. ಬೆಲೆ ಇನ್ನು ಇಳಿಯಲ್ಲ ಅಂದಾಗ ಸ್ಟ್ಯಾಂಡ್ ಪುಕ್ಕಟೆ ಕೇಳಿ, ಕೊಡುತ್ತಾರೆ. ಹಲವು ಹೊಸ ಫ್ರಿಜ್‌ಗಳು ಸ್ಟೆಬಿಲೈಸರ್ ಇಲ್ಲದೆ ನಡೆಯುತ್ತವೆ, ಎಷ್ಟು ವೋಲ್ಟೇಜ್ ತಡೆಯುತ್ತದೆ ಅಂತ ಕಂಪನಿಯೇ ಬರೆದಿರುತ್ತದೆ. ಕಂಪ್ರೆಸರ್‌ಗೆ 10 ವರ್ಷದ ವಾರಂಟಿ ಅಂದರೆ ಕಂಪ್ರೆಸರ್‌ಗೆ ಮಾತ್ರ. ಗ್ಯಾಸ್ ತುಂಬುವುದು, ಕೆಲಸದವರ ಕೂಲಿ ಅದರಲ್ಲಿ ಬರುತ್ತದಾ ಅಂತ ಕೇಳಿ, ಹೆಚ್ಚಾಗಿ ಮೊದಲ ವರ್ಷ ಆದ ಮೇಲೆ ಬರುವುದಿಲ್ಲ. ಇನ್ವರ್ಟರ್ ಫ್ರಿಜ್‌ನಲ್ಲಿ (ಕಂಪ್ರೆಸರ್ ತನ್ನ ವೇಗ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವಂಥದ್ದು) ಹೆಚ್ಚಾಗಿ ಕೈಕೊಡುವುದು ಕಂಪ್ರೆಸರ್‌ಗಿಂತ ಅದರ ಪಿಸಿಬಿ, ಅಂದರೆ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ಎಕ್ಸ್‌ಟೆಂಡೆಡ್ ವಾರಂಟಿ ಬೇಕೇ ಬೇಕು ಅನ್ನಿಸಿದರೆ ಬ್ರ್ಯಾಂಡಿನವರದೇ ತಗೊಳ್ಳಿ, ಸಾಮಾನ್ಯವಾಗಿ ಮೊದಲ ವರ್ಷ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಸಿಗುತ್ತದೆ. ಕೌಂಟರಿನಲ್ಲೇ ಅವಸರ ಬೇಡ.

ಅಳತೆ ಪಟ್ಟಿ ಹಿಡಿದು ಅಡುಗೆಮನೆಯ ಮೂಲೆಯನ್ನಷ್ಟೇ ಅಲ್ಲ, ಲಿಫ್ಟ್, ಮೆಟ್ಟಿಲಿನ ತಿರುವು, ಮುಂಬಾಗಿಲು ಎಲ್ಲ ಅಳೆಯಿರಿ. ಇಲ್ಲಿನ ಅರ್ಧ ಮನೆಗಳಲ್ಲಿ ಫ್ರಿಜ್ ಹಾಲ್‌ನಲ್ಲಿ ಟಿವಿ ಪಕ್ಕ ನಿಂತಿರುವುದು ಯಾಕೆ ಅಂತ ಆಗ ತಿಳಿಯುತ್ತದೆ. ಲಿಫ್ಟ್‌ನಲ್ಲಿ ಭಾರದ ಸಾಮಾನು ಬಿಡದ ಸೊಸೈಟಿಗಳೂ ಇವೆ, ವಾಚ್‌ಮನ್‌ಗೆ ಮೊದಲೇ ಕೇಳಿ. ಮಹಡಿ ಹತ್ತಿಸಲು ಹಮಾಲರು ಬೇರೆ ದುಡ್ಡು ಕೇಳುತ್ತಾರೆ, ಅದು ಯಾರದ್ದು ಅಂತ ಬಿಲ್ಲಿಗೆ ಮೊದಲೇ ಮಾತಾಡಿಕೊಳ್ಳಿ. ಪೆಟ್ಟಿಗೆ ತೆಗೆಸಿ, ನಾಲ್ಕೂ ಬದಿ, ಹಿಂಬದಿ ನೋಡಿ, ಸೀರಿಯಲ್ ನಂಬರ್ ಬಿಲ್ಲಿನದಕ್ಕೆ ಹೊಂದುತ್ತದಾ ನೋಡಿದ ಮೇಲೆ ಸಹಿ ಹಾಕಿ. ತಗ್ಗು ಬಿದ್ದಿದ್ದರೆ ಡೆಲಿವರಿ ಚೀಟಿಯ ಮೇಲೇ ಬರೆಯಿರಿ, ಫೋಟೋ ತೆಗೆಯಿರಿ. ಆಮೇಲೆ ಯಾರೂ ಫೋನ್ ಎತ್ತದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ ಇಲ್ಲದೆ ಸಾವಿರ ಕಮ್ಮಿ ಮಾಡುತ್ತೇವೆ ಅಂದರೆ ಒಪ್ಪಬೇಡಿ, ವಾರಂಟಿಯೂ ಇಲ್ಲ, ದೂರು ಕೊಡಲು ಆಧಾರವೂ ಇಲ್ಲ. ಮತ್ತೆ, ಬಿಲ್ಲನ್ನು ಅವತ್ತೇ ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಥರ್ಮಲ್ ಕಾಗದದ್ದಾದರೆ ವರ್ಷ ತುಂಬುವುದರೊಳಗೆ ಅಕ್ಷರ ಮಾಸುತ್ತದೆ.